ಒದ್ದೆ ವಿಭೂತಿ

ಗಾಡಿ ಹೋಗಿತ್ತು. ಅದರ ಹೊಗೆ ಕೂಡ ರೇಲ್ವೆ ವರ್ಕ್‌ಶಾಪಿನ ಹೊಗೆಯಲ್ಲಿ ಸೇರಿಕೊಂಡು, ಯಾವುದು ಯಾವುದರದೆಂದು ಹೇಳಲಾಗದಂತಾಗಿತ್ತು. ಫಾದರ್ ದಾಮಿಯನ್ ಮಾತ್ರ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಮೇಲೆ ಹಾಗೇ ನಿಂತಿದ್ದ. ಪೋಪರ ಪ್ರತಿನಿಧಿಯನ್ನು ಬೀಳ್ಕೊಡಲು ಎತ್ತಿದ ಕೈ. ಇಳಿಸಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ. "ಗಾಡಿ ಹೋತ್ರಿ, ಸ್ವಾಮೇರ," ಎಂದ ಹಮಾಲ ಲಕ್ಕಪ್ಪ, ಹೇಳಲೋ ಬೇಡವೋ ಎಂಬಂತೆ. ಹೌದು, ಹೋಯಿತು, ಎಂದು ದಾಮಿಯನ್ ಕೈ ಇಳಿಸಿದ. ಇಳಿಸುವಾಗ ಹೆಬ್ಬೆರಳು ಕಣ್ಣಿಗೆ ಬಿತ್ತು. ಯಾರಿಗಾದರೂ ಇರುವಂಥ ಹೆಬ್ಬೆರಳು, ಉಗುರಿನ ಬದಿಗೆ ಚರ್ಮ ಸ್ವಲ್ಪ ಸುಲಿದಿದೆ. ಇದರಿಂದಲೇ ಅವನು ಕೂಸುಗಳ ಹಣೆಗೆ ಮಂತ್ರಿಸಿದ ಎಣ್ಣೆ ಹಚ್ಚುತ್ತಾನೆ, ಸಾಯುವವರ ಕಣ್ಣಿಗೆ, ಕಿವಿಗೆ, ತುಟಿಗೆ ಹಚ್ಚುತ್ತಾನೆ. ಒಮ್ಮೆ ಇದರಿಂದಲೇ ಒರೆಸಿಯೂ ಇದ್ದಾನೆ. ಅದು ನೆನಪಾದದ್ದೇ ಆ ಕೈಯನ್ನು ನಿಲುವಂಗಿಯ ಜೇಬಿಗೆ ತುರುಕಿದ. ಲಕ್ಕಪ್ಪ ಕುತೂಹಲದಿಂದ ಜೇಬನ್ನೇ ನೋಡಿದ, ಬಕ್ಷೀಸು ಹೊರಗೆ ಬರಬಹುದೆಂದು.

ನಡೆದದ್ದು ಇಷ್ಟೇ. ಅದೂ ಚಹಾ ಕುಡಿಯುತ್ತ ನಡೆದದ್ದು. ಬೆಂಗಳೂರಿನಿಂದ ಮುಂಬಯಿಯ ಕಡೆಗೆ ಹೊರಟಿದ್ದ ಮೊನ್ಸಿಞೋರ್ ವೆರ್ಗಾನಿಯವರ ಗಾಡಿಯನ್ನು ಹುಬ್ಬಳ್ಳಿಯಲ್ಲಿ ತಡೆದು ನಿಲ್ಲಿಸಿದ್ದರು. ಯುದ್ಧ ಶುರುವಾದಾಗಿನಿಂದ ಸೈನ್ಯದ ಗಾಡಿಗಳಿಗೆ ದಾರಿ ಬಿಟ್ಟು ಮಿಕ್ಕ ಗಾಡಿಗಳು ಬಿಸಿಲಲ್ಲಿ ನಿಲ್ಲುವುದು ಮಾಮೂಲಾಗಿತ್ತು. ಪೋಪರ ಪ್ರತಿನಿಧಿ ಕಾಯುವ ಕೋಣೆಯ ಬೆಂಚಿನ ಮೇಲೆ ಬೆವರೊರೆಸಿಕೊಳ್ಳುತ್ತ ಕೂತಿದ್ದಾರೆಂದು ಸ್ಟೇಷನ್ನಿನಿಂದ ಆಳು ಓಡಿಬಂದಾಗ, ಹಿರಿಯ ಪಾದ್ರಿಗಳು ಗದಗಿಗೆ ಹೋಗಿದ್ದರು. ಆತಿಥ್ಯದ ಭಾಗ್ಯ ಸಹಾಯಕನಾದ ದಾಮಿಯನ್ನನ ಪಾಲಿಗೆ ಬಂತು. ಟಾಂಗಾದಲ್ಲಿ ಅವರನ್ನು ಕೇಶ್ವಾಪುರದ ಪಾದ್ರಿ ಬಂಗಲೆಗೆ ಕರೆತಂದು, ಪಡಸಾಲೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದ. ಮಂಡಿಯೂರಿ ಅವರ ಉಂಗುರಕ್ಕೆ ಮುತ್ತಿಡುವಾಗ ಅವನ ಹಲ್ಲು ಅದರ ಕಲ್ಲಿಗೆ ತಾಗಿ ಟಕ್ಕೆಂದಿತು. ಅದೊಂದು ಅವಮಾನವನ್ನೇ ಹೊತ್ತುಕೊಂಡು ಇಡೀ ದಿನ ಕಳೆಯುತ್ತೇನೆಂದು ಆಗ ಅಂದುಕೊಂಡಿದ್ದ. ಎಂಥ ಸುಖದ ಅವಮಾನ ಅದು, ಈಗ ನೋಡಿದರೆ.

ವೆರ್ಗಾನಿ ಒಳ್ಳೆಯ ಮನುಷ್ಯ. ಅದು ಇನ್ನೂ ಕೆಟ್ಟದ್ದಾಯಿತು. ದುಂಡು ಮುಖ, ಸಣ್ಣ ಪಾದ. ಬೂಟಿನ ಬಕ್ಕಲು ಸಡಿಲಿಸಿಕೊಂಡು, ಅಡಿಗೆಯ ಖಾದರಬಾಷಾ ತಂದಿಟ್ಟ ಚಹಾವನ್ನು ಒಂದು ಗುಟುಕು ಕುಡಿದು, ಇಂಥ ಚಹಾ ಲಿಮಾದಲ್ಲಿ ಹುಡುಕಿದರೂ ಸಿಗಲಿಲ್ಲ ಎಂದರು. ಖಾದರಬಾಷಾ ಇಂಗ್ಲಿಷ್ ತಿಳಿಯದಿದ್ದರೂ ಹಲ್ಲು ಕಿರಿದು ಸಲಾಮು ಮಾಡಿದ. ಮೂವತ್ತು ವರ್ಷದಿಂದ ಅವರು ಪೋಪರ ರಾಯಭಾರದಲ್ಲಿದ್ದರು. ಮೊದಲು ಸೋಫಿಯಾದಲ್ಲಿ ಕಾಗದ ನಕಲು ಮಾಡುವ ಕಾರಕೂನ, ಆಮೇಲೆ ಪೆರು ದೇಶದಲ್ಲಿ ಕಾರ್ಯದರ್ಶಿ, ಆಮೇಲೆ ಬಾಲ್ಟಿಕ್ ಸಮುದ್ರದ ಬದಿಯ ಯಾವುದೋ ಹೊಸ ರಾಜ್ಯದಲ್ಲಿ ರಾಯಭಾರಿ. ಆ ರಾಜ್ಯ ಈಗ ಉಳಿಯುತ್ತದೋ ಇಲ್ಲವೋ ಎಂದು ನಗುತ್ತಲೇ ಹೇಳಿದರು. ಆಮೇಲೆ ಹಿಂದುಸ್ತಾನ. ಇನ್ನೇನು ಕಾರ್ಡಿನಲ್ ಆಗುತ್ತಾರೆ, ಕೆಂಪು ಟೊಪ್ಪಿಗೆ ಹೊಲಿಯುವುದಷ್ಟೇ ಬಾಕಿ ಎಂದು ಹಿರಿಯ ಪಾದ್ರಿಗಳು ಊಟದ ಮೇಜಿನಲ್ಲಿ ಹೇಳುವುದನ್ನು ದಾಮಿಯನ್ ಕೇಳಿದ್ದ. ಅಂಥವರ ಎದುರು ಕೂತಾಗ ಏನಾದರೂ ಜಾಣತನದ್ದು ಕೇಳಬೇಕಲ್ಲ! ರಾಯಭಾರಿಯ ಕೆಲಸದಲ್ಲಿ ಮುಖ್ಯವಾದ್ದು ಯಾವುದು, ಎಕ್ಸಲೆನ್ಸಿ, ಎಂದು ಕೇಳಿದ. ಕೇಳಿದ ಕೂಡಲೇ ಸಾಲಿ ಹುಡುಗನ ಹಾಗೆ ಕೇಳಿದೆನೆಂದು ನಾಚಿದ. "ಕಾಯುವುದು," ಎಂದರು ವೆರ್ಗಾನಿ ತಡಮಾಡದೆ. "ಜನ ನಾವು ಮಾತಾಡುವವರು ಅಂತ ತಿಳಿದಿದ್ದಾರೆ. ಮಾತು ಯಾರಿಗೆ ಬರುವುದಿಲ್ಲ? ಬೇರೆಯವರಿಗೆ ತಡೆಯಲಾಗದಿದ್ದಾಗಲೂ ಕಾಯಬಲ್ಲವನು ರಾಯಭಾರಿ. ನಿನಗೊಂದು ಉದಾಹರಣೆ ಕೊಡುತ್ತೇನೆ. ಸಂತೋಷದ ಸುದ್ದಿಯೂ ಹೌದು. ಆ ಹಳೇ ಪ್ರತಿಜ್ಞೆ ಇತ್ತಲ್ಲ, ದಾಮಿಯಾನೊ, ನೀನೂ ಮಾಡಿದ್ದೀಯಲ್ಲ? ಅದು ಹೋಯಿತು."

ಸ್ಟೇಷನ್ನಿನ ಹೊರಗೆ ಟಾಂಗಾದವನು ಕರೆದ. ದಾಮಿಯನ್ ಬೇಡವೆಂದು ತಲೆಯಲ್ಲಾಡಿಸಿ ನಡೆದ. ಬಂಗಲೆಗೆ ಹೋಗಬೇಕಾದವನು ಬಂಗಲೆಯ ದಾರಿ ಹಿಡಿಯಲಿಲ್ಲ. ಊರೊಳಗಿನ ಪೇಟೆಯ ಕಡೆ ಕಾಲು ಹೋಗುತ್ತಿದ್ದವು, ಅವನು ಅವುಗಳ ಹಿಂದೆ ಹೋಗುತ್ತಿದ್ದ. ಪ್ರತಿಜ್ಞೆ ಮಾಡಿದ್ದು ಅವನಿಗೆ ನಿನ್ನೆ ಮಾಡಿದ ಹಾಗೆ ನೆನಪಿದೆ. ಸಿಲೋನಿನ ಸೆಮಿನರಿಯಲ್ಲಿ, ಹೊರಗೆ ಮಳೆ, ಒಳಗೆ ಮೇಣದ ವಾಸನೆ. ಇನ್ನೂರು ವರ್ಷದ ಹಿಂದೆ ಯಾವನೋ ಪೋಪ್ ಮಾಡಿದ ಕಟ್ಟಳೆ: ಈ ದೇಶದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಪಾದ್ರಿಯೂ ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟು, ಇಲ್ಲಿನ ಹಳೆಯ ಆಚಾರ ಯಾವುದನ್ನೂ ಕ್ರೈಸ್ತರಲ್ಲಿ ನಡೆಯಗೊಡುವುದಿಲ್ಲ ಎಂದು ಆಣೆ ಮಾಡಬೇಕು. ಇಂಥಿಂಥ ಸ್ನಾನ ಕೂಡದು, ಮದುವೆಯಲ್ಲಿ ಕಾಯಿ ಒಡೆಯುವುದು ಕೂಡದು, ಆಕಳ ಸೆಗಣಿಯ ಬೂದಿಯನ್ನು ಹಣೆಗೆ ಹಚ್ಚುವುದು ಕೂಡದು. ಗೋವೆಯ ಹುಡುಗರು, ಮಂಗಳೂರಿನ ಹುಡುಗರು ಆಕಳಿಸುತ್ತ ಓದಿ ಕೂತರು. ಅವರ ಮನೆಯಲ್ಲಿ ಯಾರು ವಿಭೂತಿ ಹಚ್ಚುತ್ತಿದ್ದರು? ಧಾರವಾಡ ಸೀಮೆಯ ಲಿಂಗವಂತರ ಮನೆಯಿಂದ ಬಂದ ದ್ಯಾಮಣ್ಣ, ಈಗ ದಾಮಿಯನ್ ಆದವನು, ಅವನೊಬ್ಬನ ದನಿಯೇ ಗೋಡೆಗೆ ಬಡಿದು ತಿರುಗಿ ಬಂತು. ಎಲ್ಲರಿಗಿಂತ ಗಟ್ಟಿಯಾಗಿ ಓದಿದ್ದ. ಗಟ್ಟಿಯಾಗಿ ಓದಿದ್ದಕ್ಕೆ ಶಿಕ್ಷಕರು ಬೆನ್ನು ತಟ್ಟಿದ್ದರು. ಈಗಲೂ ಆ ತಟ್ಟಿದ ಜಾಗ ಬೆನ್ನ ಮೇಲೆ ಎಲ್ಲಿದೆಯೆಂದು ತೋರಿಸಬಲ್ಲ.

ಅವ್ವ ಅವನ ಹಿಂದೆಯೇ ಈ ಧರ್ಮಕ್ಕೆ ಬಂದವಳು. ಮುರಿಗೆವ್ವ. ಮಗ ಮಿಷನ್ ಸಾಲಿಯಲ್ಲಿ ಓದಿ ಕ್ರಿಸ್ತನವನಾದ. ಗಂಡ ಸತ್ತ ಮೇಲೆ ಒಂದು ದಿನ ಗಂಟು ಕಟ್ಟಿಕೊಂಡು ಮಗನ ಹತ್ತಿರ ಬಂದುಬಿಟ್ಟಳು. ಮಗ ನಂಬಿದ ದೇವರು ನನಗೂ ಸಾಕು ಅಂದಳು. ಕೊರಳಿನ ಲಿಂಗವನ್ನು ಮದುವೆಯಾಗಿದ್ದ ಹಿರಿಯ ಮಗಳ ಕೈಗೆ ಕೊಟ್ಟು ಬಂದಿದ್ದಳು. ತಲೆಗೆ ನೀರು ಹಾಕಿಸಿಕೊಂಡಳು, ಮರಿಯಮ್ಮ ಅನ್ನಿಸಿಕೊಂಡಳು. ಆದರೆ ಆ ಹೆಸರಿನಿಂದ ಕರೆದರೆ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದಳು. ಬಂಗಲೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಜಪಸರ ಹಿಡಿದು ಸುಮ್ಮನೆ ಮಣಿ ಸರಿಸುತ್ತಿದ್ದಳು. ಅವಳ ವರ್ಷಕ್ಕೆ ಒಂದೇ ಹಬ್ಬ, ಬೂದಿ ಬುಧವಾರ. ಉಪವಾಸದ ಕಾಲ ಶುರುವಾಗುವ ಆ ದಿನ ಚರ್ಚಿನಲ್ಲಿ ಎಲ್ಲರ ಹಣೆಗೂ ಬೂದಿ ಹಚ್ಚುತ್ತಾರೆ. ವರ್ಕ್‌ಶಾಪಿನ ಆಂಗ್ಲೋ-ಇಂಡಿಯನ್ ಹೆಂಗಸರು ಆ ಬೂದಿ ಕೂದಲಿಗೆ ಬೀಳದಂತೆ ಮುಖ ಹಿಡಿದುಕೊಂಡು ಬರುತ್ತಿದ್ದರು. ಅವ್ವ ಮಾತ್ರ ಸಾಲಿನಲ್ಲಿ ಮೊದಲು ಬಂದು, ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿ ನಿಲ್ಲುವಳು. ಮಗ ಹೆಬ್ಬೆರಳಿನಿಂದ ಶಿಲುಬೆ ಗೀರಿ, ಮಣ್ಣಿನಿಂದ ಬಂದ ನೀನು ಮಣ್ಣಿಗೇ ಹೋಗುತ್ತೀ ಅನ್ನುವನು. ಆಮೇಲೆ ಅವಳು ಮುಖ ತೊಳೆಯುತ್ತಿರಲಿಲ್ಲ. ಅಂಗಾತ ಮಲಗುತ್ತಿದ್ದಳು, ಅಳಿಸಬಾರದೆಂದು. ಒಂದು ವರ್ಷ ಹಿಂದಿನ ಕೋಣೆಗೆ ಹೋದರೆ, ಕನ್ನಡಿಯ ಚೂರಿನ ಮುಂದೆ ಕೂತು, ಮಗ ಹಾಕಿದ ಶಿಲುಬೆಯನ್ನು ಮೂರು ಬೆರಳಿನಿಂದ ಮೆಲ್ಲಗೆ ಅಡ್ಡಕ್ಕೆ ಎಳೆಯುತ್ತಿದ್ದಳು. ಮೂರು ಪಟ್ಟೆ ಆಗುತ್ತಿತ್ತು. ಅವ್ವಾ! ಎಂದು ಅವನು ಕೂಗಿದ್ದ. ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಅವಳು ನಕ್ಕಿದ್ದಳು. ಆಗ ತಾನು ಸಹ ನಗಬಹುದಾಗಿತ್ತು. ನಗಲಿಲ್ಲ, ಒಂದು ಗಂಟೆ ಬುದ್ಧಿ ಹೇಳಿದ.

"ಬರೇ ಪ್ರತಿಜ್ಞೆ ಹೋಯಿತೋ, ಆಚಾರಗಳೂ..." ಎಂದು ಕೇಳಿದ್ದ ವೆರ್ಗಾನಿಯವರನ್ನು. ತನ್ನ ದನಿ ತನಗೇ ದೂರದಿಂದ ಕೇಳಿಸಿತ್ತು. "ಈ ಹಣೆಗೆ ಬೂದಿ ಹಚ್ಚುವುದು, ಎಕ್ಸಲೆನ್ಸಿ. ಸೆಗಣಿಯ ಬೂದಿ?" ವೆರ್ಗಾನಿ ಕೈಯಲ್ಲಿನ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ, "ಓ, ಅದು! ಮುದುಕಿಯರ ಬೂದಿ," ಎಂದರು. "ನನ್ನನ್ನು ಕೇಳಿದರೆ ಅದರಲ್ಲಿ ಯಾವ ಪಾಪವೂ ಇಲ್ಲ. ನಮ್ಮೂರ ಮುದುಕಿಯರು ಕೊರಳಿಗೆ ಬೆಳ್ಳುಳ್ಳಿ ಕಟ್ಟಿಕೊಳ್ಳುತ್ತಾರೆ. ನನ್ನ ತಾಯಿಯೇ ಕಟ್ಟಿಕೊಂಡಿದ್ದಳು. ಬಿಷಪ್ಪರು ಇನ್ನು ಅಂಥದ್ದನ್ನೆಲ್ಲ ಕಂಡೂ ಕಾಣದ ಹಾಗೆ ಬಿಡುತ್ತಾರೆ, ನೋಡುತ್ತಿರು. ಇದನ್ನೇ ನಾನು ನಾಲ್ಕು ವರ್ಷದ ಹಿಂದೆ ರೋಮಿಗೆ ತಿಳಿಸಿದ್ದೆ. ಅಲ್ಲಿ ಎಲ್ಲರೂ ಒಪ್ಪಿದ್ದರು, ಒಬ್ಬರನ್ನು ಬಿಟ್ಟು. ಆ ಒಬ್ಬರಿಗೆ ತುಂಬ ವಯಸ್ಸಾಗಿತ್ತು. ಹಟ ಮಾಡಿದ್ದರೆ ಆಗಲೇ ಆಗಿಬಿಡುತ್ತಿತ್ತು. ಆದರೆ ವಯಸ್ಸಾದವರನ್ನು ಸೋಲಿಸಿದವನನ್ನು ಯಾರೂ ಮರೆಯುವುದಿಲ್ಲ, ದಾಮಿಯಾನೊ. ಕಾಯೋಣ ಎಂದೆ. ಕಳೆದ ಚಳಿಗಾಲ ಅವರು ತೀರಿಕೊಂಡರು. ಈಸ್ಟರಿನ ಹೊತ್ತಿಗೆ ಎಲ್ಲ ಮುಗಿಯಿತು. ಯಾರಿಗೂ ನೋವಾಗಲಿಲ್ಲ." ಅದ್ದಿದ ಬಿಸ್ಕೀಟು ಮುರಿದು ಬಟ್ಟಲಿಗೆ ಬಿತ್ತು. ಅವರು ಚಮಚೆಯಿಂದ ಅದನ್ನು ಹುಡುಕತೊಡಗಿದರು. ದಾಮಿಯನ್ ಏನು ಹೇಳಿದ? ಬಹಳ ಸಂತೋಷ, ಎಕ್ಸಲೆನ್ಸಿ, ಎಂದ. ಹಾಗೆ ಹೇಳಿದ್ದು ಅವನೇ, ಬೇರೆ ಯಾರೂ ಅಲ್ಲ. ಹೇಳಿ, ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದ. ಒಂದು ಹನಿ ಚೆಲ್ಲಲಿಲ್ಲ. ಈಗ ಬೀದಿಯಲ್ಲಿ ಅರಳೆ ತುಂಬಿದ ಚಕ್ಕಡಿಯೊಂದಕ್ಕೆ ದಾರಿ ಬಿಡುವ ನೆಪ ಮಾಡಿಕೊಂಡು ಗೋಡೆ ಹಿಡಿದು ನಿಂತ. ನಾಲ್ಕು ವರ್ಷ. ಅವ್ವ ಸತ್ತದ್ದು ಕಳೆದ ವರ್ಷದ ಬೇಸಗೆಯಲ್ಲಿ. ಅವ್ವ ಕೇಳುತ್ತಿದ್ದಾಗ, ಅವನು ಹಚ್ಚದೆ ಇದ್ದಾಗ, ಹಚ್ಚದಿರುವ ಕಾರಣವೇ ಜಗತ್ತಿನಲ್ಲಿ ಇರಲಿಲ್ಲ. ರೋಮಿನಲ್ಲಿ ಯಾರೋ ಒಬ್ಬ ಮುದುಕ ಸಾಯಲಿ ಎಂದು ಈ ದುಂಡು ಮುಖದ ಮನುಷ್ಯ ಕಾಯುತ್ತ ಕೂತಿದ್ದ, ಅಷ್ಟೇ. ಮುದುಕನಿಗಿಂತ ಮೊದಲು ಮುದುಕಿ ಸತ್ತಳು.

ನಿಜಕ್ಕೂ ಅವಳು ಕೇಳಿದ್ದು ಎಷ್ಟು ಸಣ್ಣದು, ಒಂದು ಚಿಟಿಕೆ ವಿಭೂತಿ! ಹಾಸಿಗೆ ಹಿಡಿದ ಮೇಲೆ, ತಲೆಯ ಹತ್ತಿರ ಕೂತ ಮಗನ ಅಂಗಿಯ ಗುಂಡಿ ತಿರುವುತ್ತ, "ಲಿಂಗಾ ಕೇಳೂದಿಲ್ಲಪಾ ನಾ. ಅದನ್ನ ನಾನ ಬಿಟ್ಟು ಬಂದೇನಿ," ಅಂದಿದ್ದಳು. "ಹೋಗೂ ಮುಂದ ಹಣಿಗೆ ಒಂದೀಟು ಈಬತ್ತಿ ಇದ್ರ ಸಾಕು. ಹಣಿ ತಣ್ಣಗಿರತದ. ಬರೇ ಹಣೀಲೆ ಹೋದ್ರ ನಿಮ್ಮಪ್ಪಗ ನನ್ನ ಗುರತ ಹತ್ತೂದಿಲ್ಲ." ನೋಡೋಣ ಅವ್ವಾ, ಎಂದಿದ್ದ. ಇಲ್ಲ ಎಂದಿರಲಿಲ್ಲ. ಮರುದಿನ ಮತ್ತೆ ಕೇಳಿದಾಗಲೂ ನೋಡೋಣ ಎಂದಿದ್ದ. ಅವನೂ ಕಾದಿದ್ದ! ಅದು ಹೊಳೆದು ದಾಮಿಯನ್ ನಡುಬೀದಿಯಲ್ಲಿ ಗಕ್ಕನೆ ನಿಂತ. ಯಾರು ಸಾಯಲಿ ಎಂದು ಕಾದಿದ್ದ? ಅವಳೇ. ಅವಳು ಸತ್ತರೆ ಇಲ್ಲವೆನ್ನುವ ಕಷ್ಟ ತಪ್ಪುತ್ತದೆಂದು ಕಾದಿದ್ದ. ಇದು ಅವನಿಗೆ ಹೊಸದು. ಇಷ್ಟು ದಿನ ತಾನು ಒರೆಸಿದ್ದೊಂದೇ ತಪ್ಪು ಎಂದುಕೊಂಡಿದ್ದ. ಅದಕ್ಕೂ ಮೊದಲು ಇನ್ನೊಂದು ಇತ್ತು, ಅದನ್ನು ತೋರಿಸಿಕೊಡಲು ಭಾವಿ ಕಾರ್ಡಿನಲ್ಲರು ಹುಬ್ಬಳ್ಳಿಗೆ ಬಂದು ಚಹಾ ಕುಡಿಯಬೇಕಾಯಿತು.

ಅಂಗಡಿಯೊಂದರ ಮುಂದೆ ನಿಂತಿದ್ದ. ಕುಂಕುಮ, ಕರ್ಪೂರ, ಊದಿನಕಡ್ಡಿ, ಒಂದರ ಮೇಲೊಂದು ಪೇರಿಸಿಟ್ಟ ವಿಭೂತಿಯ ಗಟ್ಟಿಗಳು, ಬೆಳ್ಳಗೆ, ಅಂಚು ನುಣುಪಾಗಿ. ಅಂಗಡಿಯ ಗೋವಿಂದಪ್ಪ ಗಲ್ಲೆಯ ಹಿಂದಿನಿಂದ ಎದ್ದು, "ಬರ್ರಿ ಪಾದ್ರಿಸಾಹೇಬ್ರ. ಏನ್ ಕೊಡ್ಲಿರಿ?" ಎಂದ. ಪಾದ್ರಿ ತನ್ನ ಅಂಗಡಿಗೆ ಬಂದದ್ದು ಅವನಿಗೆ ಮೋಜೆನಿಸಿತ್ತು. ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಸೆರಗು ಎಳೆದುಕೊಂಡು ಸರಿದರು. ದಾಮಿಯನ್ನನಿಗೆ ಆ ಬಿಳಿ ಗಟ್ಟಿಯನ್ನು ಬೆರಳು ಮಾಡಿ ತೋರಿಸುವುದಷ್ಟೇ ಬೇಕಾಗಿತ್ತು. ಈಗ ಯಾರೂ ಬೇಡವೆನ್ನುವುದಿಲ್ಲ. ಅವನ ಬೆರಳು ಜೇಬಿನಿಂದ ಹೊರಗೆ ಬರಲಿಲ್ಲ. "ಸಾಬಾಣ," ಎಂದ. "ಒಂದು ಸಾಬಾಣ ಕೊಡ್ರಿ." ಗೋವಿಂದಪ್ಪ ಕೊಟ್ಟ. ಕಾಗದ ಸುತ್ತಿದ ಕೆಂಪು ಸಾಬೂನನ್ನು ಹಿಡಿದುಕೊಂಡು ಹೊರಟಾಗ ಹಿಂದೆ ಹೆಂಗಸರು ನಕ್ಕರು. ತನ್ನನ್ನೇ ನೋಡಿ ನಕ್ಕಿರಬೇಕು. ಅವನಿಗೂ ಅಳು ಬರುವಂಥ ನಗು ಬಂತು. ತೊಳೆಯುವುದು ಬಿಟ್ಟು ಬೇರೇನೂ ಈ ಕೈಗೆ ಬರುವುದಿಲ್ಲವಲ್ಲ.

ಆವತ್ತು ನೀರಿನಿಂದ ಒರೆಸಿದ್ದ. ಅವ್ವನ ಮೈ ತೊಳೆದು, ಬಿಳಿ ಸೀರೆ ಉಡಿಸಿ, ಅಕ್ಕ ಚನ್ನಬಸವ್ವ ಹಣೆಗೆ ವಿಭೂತಿ ಹಚ್ಚಿ ಕೂತಿದ್ದಳು. ಅಕ್ಕ ಗಂಡನ ಮನೆಯಿಂದ ಬಂದವಳು, ಅವಳಿಗೆ ಯಾವ ಪ್ರತಿಜ್ಞೆ? ಮೂರು ಪಟ್ಟೆ, ಅಚ್ಚುಕಟ್ಟಾಗಿ. ದಾಮಿಯನ್ ಬಿಳಿ ಮೇಲಂಗಿ ಹಾಕಿಕೊಂಡು ಪುಸ್ತಕ ಹಿಡಿದು ಬಂದ. ಅವನ ಹಿಂದೆ ಹಿರಿಯ ಪಾದ್ರಿ. ಪಾದ್ರಿಯ ಹಿಂದೆ ವರ್ಕ್‌ಶಾಪಿನ ಫೋರಮನ್ನನ ಹೆಂಡತಿ, ಇಬ್ಬರು ಗೋವೆಯ ಗಾರ್ಡುಗಳು, ಬ್ಯಾಂಡಿನವರು. ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಎಲ್ಲರೂ ಆ ಹಣೆಯನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಹಾಗೆಂದು ಅವನಿಗೆ ಅನಿಸಿತ್ತು. ಬಾಗಿ, ಹೆಬ್ಬೆರಳಿನಿಂದ ಒರೆಸಿದ. ಬೂದಿ ಹರಡಿತು. ಕೈವಸ್ತ್ರವನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಒರೆಸಿದ. ಹೋಯಿತು. ಹಣೆ ಖಾಲಿಯಾಯಿತು. ಲ್ಯಾಟಿನ್ನಿನಲ್ಲಿ ಮೊದಲ ಪ್ರಾರ್ಥನೆ ಓದತೊಡಗಿದ. ಒದ್ದೆಯಾದ ವಿಭೂತಿ ಕಾಣುವುದಿಲ್ಲ, ಒಣಗಿದರೆ ಕಾಣುತ್ತದೆ. ಅದನ್ನು ಲಿಂಗವಂತರ ಮನೆಯ ಕೂಸು ಕೂಡ ಬಲ್ಲದು, ಅವನು ಮರೆತಿದ್ದ. ಬೇಸಗೆಯ ಗಾಳಿ. ಪ್ರಾರ್ಥನೆಯ ಅರ್ಧಕ್ಕೆ ಅವ್ವನ ಹಣೆಯ ಮೇಲೆ ಆ ಪಟ್ಟೆಗಳು ಮೆಲ್ಲಗೆ, ಮೊದಲು ಒಂದು, ಆಮೇಲೆ ಇನ್ನೊಂದು, ಬಿಳಿಚಿಕೊಂಡು ಮೂಡತೊಡಗಿದವು. ಅವನು ಓದು ನಿಲ್ಲಿಸಿದ. ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಎರಡನೆಯ ಸಲ ಒರೆಸಿದ, ಈ ಸಲ ಉಜ್ಜಿ. ಹಣೆಯ ಚರ್ಮ ಬೆರಳ ಕೆಳಗೆ ಸರಿದಾಡಿತು, ಜೀವ ಇಲ್ಲದ ಚರ್ಮ ಹೇಗೆ ಸರಿಯುತ್ತದೋ ಹಾಗೆ. ಅಕ್ಕ ಒಂದು ಮಾತೂ ಆಡಲಿಲ್ಲ. ಹಿರಿಯ ಪಾದ್ರಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರು. ಅಸಮಾಧಾನದಿಂದ ತಿರುಗಿಸಿದರೆಂದು ಇಷ್ಟು ದಿನ ತಿಳಿದಿದ್ದ. ಈಗ ಪೇಟೆಯ ಬಿಸಿಲಲ್ಲಿ ಸಾಬೂನು ಹಿಡಿದು ನಡೆಯುವಾಗ ತಿಳಿಯಿತು. ತಾನು ಮೊದಲ ಸಲ ಬಾಗುವ ಮುನ್ನವೇ ಅವರು ಮುಖ ತಿರುಗಿಸಿದ್ದರು. ನಾನು ನೋಡಿಲ್ಲ, ಇರಲಿ ಬಿಡು, ಎಂದು ಆ ತಿರುಗಿದ ಮುಖದಿಂದಲೇ ಹೇಳಿದ್ದರು ಅವರು. ಅಷ್ಟು ದೂರದ ದೇಶದಿಂದ ಬಂದ ಮನುಷ್ಯನಿಗೆ ಬಿಡಲು ಬಂತು.

ಅಕ್ಕನ ಮನೆ ಹಳೇಹುಬ್ಬಳ್ಳಿಯಲ್ಲಿ. ಭಾವ ಅರಳೆ ವ್ಯಾಪಾರಿ. ಅವ್ವನನ್ನು ಮಣ್ಣು ಮಾಡಿ ಬಂದ ದಿನ ಅಕ್ಕ ಬಂಗಲೆಯಿಂದ ನೀರು ಕೂಡ ಕುಡಿಯದೆ ಹೋದವಳು ಮತ್ತೆ ಬರಲಿಲ್ಲ. ಅವನೂ ಆ ಕಡೆ ಹಾದಿರಲಿಲ್ಲ. ಇವತ್ತು ಅವಳಿಗೆ ಹೇಳಲೇಬೇಕೆಂದು ಅವನ ಮನಸ್ಸು ಹೊರಟಿತ್ತು. ಏನೆಂದು? ನಾನು ಒರೆಸಿದ್ದು ತಪ್ಪು ಎಂದೇ? ಅಥವಾ ಒರೆಸಿದ್ದು ಆಗ ಸರಿಯಿತ್ತು, ಈಗ ಸರಿಯಿಲ್ಲ ಎಂದೇ? ಅವಳು ಬೈಯಲಿ, ಕಾಲಲ್ಲಿನದು ತೆಗೆದುಕೊಂಡು ಹೊಡೆಯಲಿ. ಆ ಮೇಲಾದರೂ ಬಾರೋ ತಮ್ಮಾ ಅಂದರೆ ಸಾಕಿತ್ತು. ಅವನಿಗೆ ಲೋಕದಲ್ಲಿ ಉಳಿದವಳು ಅವಳೊಬ್ಬಳೇ. ಇವತ್ತು ಹೇಳದಿದ್ದರೆ ನಾಳೆಯಿಂದ ತಾನು ನೋಡೋಣ ಎನ್ನತೊಡಗುತ್ತೇನೆ ಎಂದು ಹೆದರಿ, ಕದ ತಟ್ಟಿದ.

ಚನ್ನಬಸವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹಣೆಯ ಮೇಲೆ ಮೂರು ಪಟ್ಟೆ, ಬೆವರಿಗೆ ಅಲ್ಲಲ್ಲಿ ಮಾಸಿದ್ದವು. ತಲೆಯೆತ್ತಿ ನೋಡಿದಳು. ಅವನು ಎಣಿಸಿದ ಯಾವುದೂ ಅವಳ ಮುಖದಲ್ಲಿ ಕಾಣಲಿಲ್ಲ. "ಬರ್ರಿ ಪಾದ್ರಿಗೋಳ," ಎಂದಳು. "ಕುಂಡ್ರಿ. ಮನಿಯವ್ರು ಅಂಗಡಿಗೆ ಹೋಗ್ಯಾರ." ಒಡಹುಟ್ಟಿದ ಅಕ್ಕ ಬಹುವಚನದಲ್ಲಿ ಕರೆದದ್ದು ಕೆನ್ನೆಗೆ ಹೊಡೆದ ಹಾಗಾಯಿತು. ಕಂಬಕ್ಕೆ ಒರಗಿ ನೆಲದ ಮೇಲೆ ಕೂತ. ನಿಲುವಂಗಿ ಮೊಣಕಾಲಿಗೆ ತೊಡರಿತು. ಕೈಯಲ್ಲಿನ ಸಾಬೂನನ್ನು ಎಲ್ಲಿಡುವುದೆಂದು ತಿಳಿಯದೆ ಬದಿಗೆ ಇಟ್ಟ.

"ಅದೇನ್ರಿ?"

"ಸಾಬಾಣ."

"ನಮ್ಮ ಮನ್ಯಾಗ ಸಾಬಾಣ ಇಲ್ಲಂತ ಯಾರ ಹೇಳಿದ್ರು?" ಎಂದು ಮತ್ತೆ ಬೇಳೆಯ ಕಡೆ ಬಗ್ಗಿದಳು. ಅವನು ಹೇಳತೊಡಗಿದ. ಊರಿನವರ ಮಾತು ಬಿಟ್ಟು ಚರ್ಚಿನಲ್ಲಿ ಪ್ರವಚನ ಮಾಡುವವರ ಕನ್ನಡದಲ್ಲಿ ಶುರುವಾಯಿತು, ನಡುವೆ ತಡವರಿಸಿತು, ಕೊನೆಗೆ ಅವ್ವನ ಮಾತಿಗೆ ಬಂತು. ಪೋಪರ ದೊಡ್ಡ ಮನುಷ್ಯ ಬಂದಿದ್ದ ಅಕ್ಕಾ, ಅಂದ. ಈಗ ವಿಭೂತಿ ಹಚ್ಚಿದ್ರ ತಪ್ಪಿಲ್ಲಂತ. ನಾಕು ವರ್ಷದಿಂದ ತಪ್ಪಿರಲಿಲ್ಲಂತ. ಅವರಿಗೆ ಗೊತ್ತಿತ್ತು, ನಮಗ ಹೇಳಲಿಲ್ಲ. ಕಾಯಾಕತ್ತಿದ್ರಂತ.

ಮೊರದಲ್ಲಿನ ಬೆರಳುಗಳು ನಿಂತವು. "ಪರವಾನಗಿ ಬಂತು ಅನ್ನು," ಎಂದಳು. ಬಹುವಚನ ಹೋಗಿತ್ತು.

"ಹೌದು."

"ಯಾರ ಹಣಿಗೋ ಯಾರದೋ ಪರವಾನಗಿ." ಅವಳು ನಕ್ಕಳು, ಆದರೆ ನಗು ಬಾಯಿಂದ ಮುಂದೆ ಹೋಗಲಿಲ್ಲ. "ಅದನ್ನ ಹೇಳಾಕ ಈ ಬಿಸಿಲಾಗ ಬಂದ್ಯಾ?"

"ನಾ ಒರಸಬಾರದಿತ್ತು ಅಕ್ಕಾ," ಎಂದ. ಹೇಳಿಬಿಟ್ಟೆನಲ್ಲ ಎಂದು ಎದೆ ಹಗುರಾಗುತ್ತದೆಂದು ಕಾದ. ಆಗಲಿಲ್ಲ. ಅಕ್ಕ ಮೊರವನ್ನು ಬದಿಗೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿಲ್ಲದ್ದು ಕಂಡು ಅವನಿಗೆ ಭಯವಾಯಿತು.

"ನೀ ಒರಸ್ತೀ ಅಂತ ಅವ್ವಗ ಗೊತ್ತಿತ್ತು."

"ಏನು?"

"ಹಿಂದಿನ ದಿನಾನ ನನಗ ಹೇಳಿದ್ಲು. ನೀ ಚರ್ಚಿನಾಗ ಇದ್ದಿ. ಚನ್ನೀ, ನೀ ಹಚ್ಚು, ಅಂವ ಬಂದು ಒರಸ್ತಾನ, ಅಂದ್ಲು. ಒರಸಲಿ. ಏನೂ ಅನಬ್ಯಾಡ. ಅಷ್ಟ ಮಂದಿ ಮುಂದ ಅವನ ಮಾರಿ ಸಣ್ಣದಾಗಬಾರದು, ಅಂವ ಏನೇನೋ ಆಣಿ ಮಾಡ್ಯಾನ, ಅಂದ್ಲು. ಅವನ ಓದೂದೆಲ್ಲಾ ಮುಗದು ಹೊರಗ ಹೋದ ಮ್ಯಾಲ, ಪೆಟಿಗಿ ಮುಚ್ಚೂ ಮುಂದ, ಯಾರೂ ನೋಡಧಂಗ ಮತ್ತ ಒಂದೀಟು ಹಚ್ಚು. ಅವನ ಮಾತೂ ಉಳೀತದ, ನನ್ನ ಹಣಿನೂ ಬರಿದಾಗೂದಿಲ್ಲ. ಹಿಂಗಂದು ನಕ್ಕಳು ನೋಡು. ಬೆಲ್ಲಾ ಕದ್ದವರ ಗತೆ."

ಅವ್ವ! ಅಕ್ಷರ ಬಾರದ ಅವ್ವ, ಮೂವತ್ತು ವರ್ಷ ರಾಯಭಾರ ಮಾಡಿದವರಿಗೂ ತೋಚದ್ದನ್ನು ಹಾಸಿಗೆಯ ಮೇಲೆ ಮಲಗಿ ಮಾಡಿ ಮುಗಿಸಿದ್ದಳು. ಯಾರ ಸಾವಿಗೂ ಕಾದಿರಲಿಲ್ಲ. ತನ್ನದರಲ್ಲೇ ಇಬ್ಬರಿಗೂ ದಾರಿ ಮಾಡಿದ್ದಳು. ಹಾಗಾದರೆ ಅವಳು ಹಣೆ ತಣ್ಣಗೆ ಮಾಡಿಕೊಂಡೇ ಹೋದಳು. ಹಾಗಾದರೆ ಒಂದು ವರ್ಷದಿಂದ ತಾನು ಸುಮ್ಮನೆ... ಅವನು ಮೊಣಕಾಲ ಮೇಲೆ ಮುಂದೆ ಸರಿದು ಅಕ್ಕನ ಕೈ ಹಿಡಿದುಕೊಂಡ. ಕೂಸಿನ ಹಾಗೆ ಅಳು ಬಂತು, ತಡೆಯಲಿಲ್ಲ. "ಹಚ್ಚಿದ್ಯಲ್ಲಾ?" ಎಂದ. "ಅಕ್ಕಾ, ಹಚ್ಚಿ ಕಳಿಸಿದ್ಯಲ್ಲಾ?"

"ಇಲ್ಲ," ಎಂದಳು ಚನ್ನಬಸವ್ವ.

ಹೊರಗೆ ಯಾರೋ ಎತ್ತುಗಳನ್ನು ಬೈಯುತ್ತ ಚಕ್ಕಡಿ ಹೊಡೆದುಕೊಂಡು ಹೋದರು. ಅದು ದಾಟಿ ಹೋಗುವವರೆಗೂ ಅವಳು ಕಾದಳು. ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಈಬತ್ತಿ ಗಟ್ಟಿ ನನ್ನ ಸೆರಗಿನಾಗ ಗಂಟ ಕಟ್ಟಿಕೊಂಡಿದ್ದೆ. ನೀ ಹೊರಗ ಹೋದಿ, ಎಲ್ಲಾರೂ ಹೋದ್ರು. ನಾನು ಅವ್ವ ಇಬ್ಬರ ಉಳದಿವಿ. ಕೈ ಚಾಚಿದ್ರ ಮುಗೀತಿತ್ತು. ನೀ ಉಜ್ಜಿದ ಜಾಗಾ ಕೆಂಪಗಾಗಿತ್ತೋ ಏನೋ, ಹಂಗ ಕಾಣತಿತ್ತು. ನಾ ಹಚ್ಚಲಿಲ್ಲ. ಹಚ್ಚಿದ್ರ ನೀ ಮಾಡಿದ್ದು ಅಳಿಸಿಹೋಕ್ಕಿತ್ತು. ಅದು ಅಳೀಬಾರದು, ಸಾಯೂತನಕ ಅದು ನಿನ್ನ ಮ್ಯಾಲ ಇರಬೇಕು ಅನಸ್ತು. ಅಷ್ಟ ಸಿಟ್ಟಿತ್ತು ನನಗ. ಆ ಸಿಟ್ಟಿಗೆ ಅವ್ವನ್ನ ಬರೇ ಹಣೀಲೆ ಕಳಿಸಿದೆ." ಅವಳ ದನಿ ಅಲ್ಲಿಯವರೆಗೂ ನೆಟ್ಟಗಿತ್ತು. "ನೀ ಆಣಿ ಮಾಡಿದ್ದಿ, ಒರಸಿದಿ. ನಾ ಯಾರಿಗೆ ಆಣಿ ಮಾಡಿದ್ದೆ? ಈಗ ಹೇಳು. ಇದಕ್ಕ ನಿಮ್ಮ ರೋಮಿನಾಗ ಯಾರನ್ನ ಕೇಳಬೇಕು?"

ಮನುಷ್ಯರು ತಪ್ಪು ಹೇಳಿಕೊಂಡಾಗ ಏನು ಮಾಡಬೇಕೆಂದು ಅವನ ಕೈಗೆ ಮಾತ್ರ ರೂಢಿಯಿತ್ತು. ಅದು ತಾನಾಗಿ ಮೇಲೆದ್ದು, ಕ್ಷಮೆಯ ಶಿಲುಬೆ ಗೀರಲೆಂದು ಅವಳ ಹಣೆಯ ಎದುರು, ಆ ಮಾಸಿದ ಮೂರು ಪಟ್ಟೆಗಳ ಎದುರು ಹೋಗಿ ನಿಂತಿತು. ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ. ಅಕ್ಕ ಹಿಂದೆ ಸರಿದು ಗೋಡೆಗೆ ತಲೆ ತಾಗಿಸಿ ಕೂತಳು, ಎರಡೂ ಅಂಗೈಯಿಂದ ತನ್ನ ಹಣೆ ಮುಚ್ಚಿಕೊಂಡು.

"ಕೈ ಇಳಸೋ ದ್ಯಾಮಾ," ಎಂದಳು. "ನನಗ ಹೆದರಿಕಿ ಆಕ್ಕತಿ."